ಗಂಟೆ ಮಾವನ ಮಗಳು ಶಾಲೆಗೆ ಸೇರಿದ ದಿನ

ಆ ಶಾಲೆಯ ಗೇಟಿನಲ್ಲಿ ನಿಂತು ಹತ್ತೊಂಬತ್ತು ವರ್ಷ ಊರಿನ ಅಪ್ಪ ಅಮ್ಮಂದಿರನ್ನು ಅಳಿಸಿದವನು ಗಂಟೆ ಮಾವ. ಮಕ್ಕಳನ್ನು ಅವನು ಅಳಿಸಲಿಲ್ಲ, ಆ ಮಾತು ಬೇರೆ. ಮಕ್ಕಳು ಮೊದಲ ದಿನ ತಾವಾಗಿಯೇ ಅಳುತ್ತವೆ, ಅದಕ್ಕೆ ಯಾರ ಸಹಾಯವೂ ಬೇಡ. ಅವನ ಕೆಲಸ ಏನಿದ್ದರೂ ಮಗುವಿನ ಬೆರಳನ್ನು ತಾಯಿಯ ಬೆರಳಿನಿಂದ ಮೆಲ್ಲಗೆ ಬಿಡಿಸಿ ಒಳಗೆ ಎಳೆದುಕೊಳ್ಳುವುದು, ಗೇಟಿನ ಚಿಲಕ ಹಾಕುವುದು, ಆಮೇಲೆ ಹೊರಗೆ ಉಳಿದವರನ್ನು ಓಡಿಸುವುದು. "ಹೋಗಿ ಅಮ್ಮಾ, ಹೋಗಿ. ನೀವಿಲ್ಲಿ ನಿಂತಿರೋವರೆಗೂ ಅದು ಅಳುತ್ತೆ. ನೀವು ಆ ತಿರುವು ದಾಟಿ, ಆಮೇಲೆ ನೋಡಿ, ಹಾಡು ಹೇಳ್ಕೊಂಡು ಕೂತಿರುತ್ತೆ" ಎಂದು ಒಂದೇ ರಾಗದಲ್ಲಿ ಒಂದೇ ಮಾತು. ಕೆಲವರು ಹೋದಂತೆ ಮಾಡಿ ಎದುರಿನ ಸ್ಟೇಷನರಿ ಅಂಗಡಿಯ ಹಿಂದೆ ಅವಿತುಕೊಳ್ಳುತ್ತಿದ್ದರು. ಅಂಥವರನ್ನೂ ಬಿಡುತ್ತಿರಲಿಲ್ಲ ಆಸಾಮಿ. ಒಮ್ಮೆ ಆರಡಿ ಎತ್ತರದ ಒಬ್ಬ ಲಾರಿ ಡ್ರೈವರು ಆ ಅಂಗಡಿಯ ಗೋಡೆಗೆ ಒರಗಿ ಕರವಸ್ತ್ರ ಕಚ್ಚಿಕೊಂಡು ಬಿಕ್ಕುತ್ತಿದ್ದುದನ್ನು ಪತ್ತೆ ಮಾಡಿ, ತೋಳು ಹಿಡಿದು ಲಾರಿ ಹತ್ತಿಸಿ ಬಂದಿದ್ದ. ಅವತ್ತು ಮನೆಗೆ ಹೋಗಿ ಹೆಂಡತಿಗೆ ಹೇಳಿ ಹೇಳಿ ನಕ್ಕಿದ್ದೇ ನಕ್ಕಿದ್ದು.

ಹೆಂಡತಿ ಮಾತ್ರ ನಕ್ಕಿರಲಿಲ್ಲ. "ನಗಿ ನಗಿ, ನಿಮಗೂ ಒಂದು ದಿನ ಬರುತ್ತೆ" ಎಂದಿದ್ದಳು.

ಆ ದಿನ ಬರುವುದಕ್ಕೆ ತಡವಾಯಿತು. ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಾಗಿರಲಿಲ್ಲ. ಆಗದಿದ್ದರೇನು, ನನಗೆ ಮುನ್ನೂರು ಮಕ್ಕಳಿವೆ ಎಂದು ಗಂಟೆ ಮಾವ ಎದೆಯುಬ್ಬಿಸಿ ಹೇಳುತ್ತಿದ್ದ. ಹೇಳಿದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ ಎನ್ನುವುದು ಹೆಂಡತಿಗೆ ಮಾತ್ರ ಗೊತ್ತು. ಹನ್ನೆರಡನೆಯ ವರ್ಷ ಹುಟ್ಟಿದವಳು ಮಗಳು. ಒಂದು ಹಿಡಿಯಷ್ಟಿದ್ದಳು, ಆದರೆ ಗಂಟಲು ಮಾತ್ರ ಇಡೀ ಬೀದಿಗೆ ಕೇಳುವಂಥದ್ದು. ಕಾಳಿನಷ್ಟೇ ಇದ್ದರೂ ಖಾರ ನೋಡು ಎಂದು ಅವನೇ ಮೆಣಸು ಎಂದು ಕರೆದ. ಜನನಪತ್ರದ ಹೆಸರು ಜನನಪತ್ರದಲ್ಲೇ ಉಳಿಯಿತು.

ಅವನಿಗೆ ಗಂಟೆ ಮಾವ ಎಂಬ ಹೆಸರು ಬಂದದ್ದು ಶಾಲೆಯ ಗಂಟೆಯಿಂದ. ಗಂಟೆ ಎಂದರೆ ಕಂಚಿನದೇನಲ್ಲ, ವರಾಂಡದ ತೊಲೆಗೆ ಸರಪಳಿಯಲ್ಲಿ ನೇತುಹಾಕಿದ ಮೊಳದುದ್ದದ ರೈಲು ಹಳಿಯ ತುಂಡು. ಅದನ್ನು ಬಾರಿಸಲು ಒಂದು ಸುತ್ತಿಗೆ. ಹೊಡೆಯುವುದರಲ್ಲೇನು ಮಹಾ ಎಂದು ನೀವು ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಬೆಳಗಿನದು ಬೇರೆ, ಪೀರಿಯಡ್ಡಿನದು ಬೇರೆ, ಬಿಡುವಿನದು ಬೇರೆ, ಮನೆಗೆ ಹೋಗುವುದು ಬೇರೆ. ಪೀರಿಯಡ್ಡಿಗೆ ಎರಡೇ ಏಟು, ಬಿಗಿಯಾಗಿ. ಮನೆಗೆ ಹೋಗುವ ಗಂಟೆಗೆ ಮಾತ್ರ ಲೆಕ್ಕವಿಲ್ಲ, ತೋಳು ಸೋಲುವವರೆಗೆ ಹೊಡೆಯುತ್ತಾನೆ, ಅದು ಮಕ್ಕಳಿಗೆ ಅವನ ಉಡುಗೊರೆ. ಕೈಗಡಿಯಾರದ ಸೆಕೆಂಡಿನ ಮುಳ್ಳು ನೋಡದೆ ಸುತ್ತಿಗೆ ಎತ್ತಿದವನಲ್ಲ. ಎದುರಿನ ಸ್ಟೇಷನರಿ ಅಂಗಡಿಯ ಅಜ್ಜ ತನ್ನ ಗೋಡೆ ಗಡಿಯಾರವನ್ನು ಅವನ ಗಂಟೆ ಕೇಳಿ ಸರಿಪಡಿಸಿಕೊಳ್ಳುತ್ತಿದ್ದ. ಮಕ್ಕಳನ್ನು ಕರೆದೊಯ್ಯುವ ವ್ಯಾನಿನವರು ಅದನ್ನು ಕೇಳಿಯೇ ಇಂಜಿನ್ ಶುರು ಮಾಡುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದು ನಿಮಿಷ ಆಚೆ ಈಚೆ ಆದದ್ದಿಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದುಕೊಂಡು ಬಂದು ಹೊಡೆದಿದ್ದ. ಪಾಪ, ಅಷ್ಟೂ ವರ್ಷ ಪಾಠಗಳಿಗೆ ಬಾಗಿಲು ತೆಗೆದವನು ಒಂದು ಪಾಠಕ್ಕೂ ಒಳಗೆ ಕೂತವನಲ್ಲ. ಅವನ ಓದು ನಾಲ್ಕನೆಯ ತರಗತಿಗೇ ಮುಗಿದಿತ್ತು.

ಹೀಗಿರುವಾಗ ಮೆಣಸನ್ನು ಶಾಲೆಗೆ ಸೇರಿಸುವ ಕಾಲ ಬಂತು. ಅಲ್ಲೊಂದು ತೊಡಕು. ಹುಡುಗಿಗೆ ವಯಸ್ಸು ಎರಡು ತಿಂಗಳು ಕಡಿಮೆ. ಮುಂದಿನ ವರ್ಷ ಸೇರಿಸಿದರಾಯಿತು ಎಂದರೆ ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಇಷ್ಟು ದಿನ ಪಕ್ಕದ ಮನೆಯ ಅತ್ತೆ ನೋಡಿಕೊಂಡಿದ್ದರು. ಅವರು ಹೋದ ತಿಂಗಳು ಬೇರೆ ಬಡಾವಣೆಗೆ ಮನೆ ಬದಲಿಸಿದರು. ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಬೆಳಗಿನ ಆರಕ್ಕೆಲ್ಲ ಅಲ್ಲಿರಬೇಕು. ದೊಡ್ಡ ದೊಡ್ಡ ಯಂತ್ರಗಳನ್ನು ನಡೆಸಲು ಕಲಿತವಳು, ಅದರಲ್ಲಿ ಅವಳಿಗೆ ಹೆಮ್ಮೆ. ಮಗಳಿಗೆ ಸೀಟು ಸಿಗದಿದ್ದರೆ ಅವಳು ಕೆಲಸ ಬಿಡಬೇಕಿತ್ತು. ಬಿಡುತ್ತೇನೆ ಎಂದು ಅವಳು ಹೇಳಿಯೂ ಇದ್ದಳು. ಹೇಳುವಾಗ ಗಂಡನ ಮುಖ ನೋಡಿರಲಿಲ್ಲ.

ಕೊನೆಗೆ ಅವನು ಮುಖ್ಯೋಪಾಧ್ಯಾಯಿನಿಯ ಕೋಣೆಯ ಮುಂದೆ ನಿಂತ. ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಕನ್ನಡಕದ ಮೇಲಿಂದ ನೋಡಿದರೆ ಗಾಳಿಯೂ ಕೈಕಟ್ಟಿ ನಿಲ್ಲಬೇಕು, ಅಂಥ ಹೆಂಗಸು.

"ಎರಡೇ ತಿಂಗಳು ಮೇಡಂ. ಹುಡುಗಿ ಚುರುಕು" ಎಂದ.

"ಚುರುಕು ಅಂತ ಗೊತ್ತು. ಹೋದ ವಾರ ನನ್ನ ಕುರ್ಚಿ ಮೇಲೆ ಕೂತು, ನೀವು ಯಾರು ಅಂತ ನನ್ನನ್ನೇ ಕೇಳಿದ್ಲು. ಅದಲ್ಲಪ್ಪಾ. ಅಪ್ಪನ ಬಾಲ ಬಿಟ್ಟು ಇರ್ತಾಳಾ ಅನ್ನೋದು ಪ್ರಶ್ನೆ."

ಗಂಟೆ ಮಾವ ತಲೆ ಕೆರೆದುಕೊಂಡ. ಪಕ್ಕದ ಮನೆಯ ಅತ್ತೆಯ ಮಡಿಲೊಂದನ್ನು ಬಿಟ್ಟರೆ ಮೆಣಸು ಬೇರೆಲ್ಲೂ ಅವನನ್ನು ಬಿಟ್ಟು ಇದ್ದವಳೇ ಅಲ್ಲ. ಅವನು ಮೂಲೆಯಂಗಡಿಗೆ ಹೋಗಿ ಬರುವಷ್ಟರಲ್ಲಿ ಬೀದಿಯೆಲ್ಲ ಒಂದಾಗುವಂತೆ ಕೂಗಿದ ಉದಾಹರಣೆಗಳು ಬೇಕಾದಷ್ಟಿದ್ದವು. ದೊಡ್ಡ ಮೇಡಂ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ ತೀರ್ಪು ಕೊಟ್ಟರು. ಮೊದಲ ದಿನ ಶಾಲೆ ಹನ್ನೆರಡಕ್ಕೆ ಬಿಡುತ್ತದೆ. ಅಲ್ಲಿಯವರೆಗೆ ಹುಡುಗಿ ಅಪ್ಪನ ಮುಖ ನೋಡದೆ ಕ್ಲಾಸಿನಲ್ಲಿ ಕೂತರೆ ಸೀಟು ಅವಳದು. ಅತ್ತು ರಂಪ ಮಾಡಿದರೆ ಮುಂದಿನ ವರ್ಷ. "ಇನ್ನೊಂದು ಮಾತು. ಅವತ್ತು ನೀನೂ ಒಬ್ಬ ಅಪ್ಪ. ಅಪ್ಪಂದಿರು ಗೇಟಿನ ಹೊರಗಿರಬೇಕು. ನಿನ್ನನ್ನು ಹೊರಗೆ ಹಾಕಿದ್ರೆ ಗಂಟೆ ಹೊಡೆಯೋರು ಯಾರೂ ಇಲ್ಲ. ಅದಕ್ಕೇ, ವರಾಂಡದ ನೀರಿನ ಡ್ರಮ್ಮು ದಾಟಿ ಒಂದನೇ ಕ್ಲಾಸಿನ ಕಡೆ ಕಾಲಿಡಬಾರದು. ಒಪ್ಪಿಗೆನಾ?"

ಒಪ್ಪಿಗೆ ಎಂದ. ಒಪ್ಪದೆ ವಿಧಿಯಿರಲಿಲ್ಲ.

ಅವತ್ತು ಬೆಳಿಗ್ಗೆ ಹೆಂಡತಿ ಐದಕ್ಕೇ ಎದ್ದು ಮಗಳ ಕೂದಲಿಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ನಿದ್ದೆಗಣ್ಣಿನ ಹುಡುಗಿಯ ಎರಡು ಕೆನ್ನೆಗೂ ಮುತ್ತು ಕೊಟ್ಟು ಕೆಲಸಕ್ಕೆ ಹೊರಟಳು. ಬಾಗಿಲಲ್ಲಿ ನಿಂತು ಗಂಡನಿಗೆ, "ಅವಳದು ನನಗೆ ಚಿಂತೆ ಇಲ್ಲ ರೀ. ನಿಮ್ಮದೇ ಚಿಂತೆ. ನೀವು ಅಳಬೇಡಿ" ಎಂದಳು.

"ನಾನ್ಯಾಕೆ ಅಳಲಿ? ಎಷ್ಟು ಮಕ್ಕಳನ್ನು ನೋಡಿಲ್ಲ ನಾನು" ಎಂದ ಗಂಟೆ ಮಾವ. ಅಷ್ಟು ಹೇಳುವಾಗಲೇ ಅವನು ಮಗಳ ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕುತ್ತಿದ್ದ.

ದಾರಿಯುದ್ದಕ್ಕೂ ಮೆಣಸು ಪ್ರಶ್ನೆಗಳನ್ನು ಕೇಳಿದಳು. ಮಿಸ್ಸಿಗೆ ಹಲ್ಲು ಎಷ್ಟಿವೆ? ಬೆಂಚಿನ ಮೇಲೆ ನಿಂತರೆ ಬೈಯುತ್ತಾರಾ? ಬಾಯಾರಿದರೆ ಯಾರನ್ನು ಕೇಳಬೇಕು? ಅವನು ಎಲ್ಲದಕ್ಕೂ ಉತ್ತರ ಹೇಳಿದ. ಅವಳು ಕೇಳಲಿ ಎಂದು ಅವನು ಕಾಯುತ್ತಿದ್ದ ಪ್ರಶ್ನೆ ಒಂದೇ, ನೀನು ಎಲ್ಲಿರುತ್ತೀಯ ಅಪ್ಪಾ ಎನ್ನುವುದು. ಅದನ್ನು ಮಾತ್ರ ಅವಳು ಕೇಳಲೇ ಇಲ್ಲ. ಪುಟ್ಟ ಕೈ ಅವನ ತೋರುಬೆರಳನ್ನು ಹಿಡಿದಿತ್ತು. ಬಿಗಿಯಾಗಿ ಹಿಡಿದಿದ್ದು ಅವಳೋ ತಾನೋ ಎನ್ನುವುದು ಅವನಿಗೆ ತಿಳಿಯಲಿಲ್ಲ.

ಗೇಟಿನಲ್ಲಿ ಎಂದಿನ ಗಲಾಟೆ. ಬೇಕರಿಯವನ ಮಗ, ಗುಂಡುಗುಂಡಾಗಿ ಬೆಣ್ಣೆಯುಂಡೆಯಂತಿದ್ದ ಹುಡುಗ, ತಾಯಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕುಳಿತುಬಿಟ್ಟಿದ್ದ. "ಹೋಗಿ ಅಮ್ಮಾ, ಹೋಗಿ" ಎಂದು ಗಂಟೆ ಮಾವ ತನ್ನ ರಾಗ ಶುರುಮಾಡಿದ. ತಿರುವಿನ ಮಾತಿಗೆ ಹೋಗದೆ ಅಲ್ಲಿಗೇ ನಿಲ್ಲಿಸಿದ.

ಬೇಕರಿಯವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಅವನನ್ನೂ ಅವನ ಪಕ್ಕದ ಎರಡು ಜಡೆಯನ್ನೂ ನೋಡಿದಳು. "ಏನು ಮಾವ, ಇವತ್ತು ನಿಮ್ಮದೂ ಸೇರ್ತಿದೆಯಾ? ನೀವೂ ಹೊರಗೆ ಬನ್ನಿ ಮತ್ತೆ!"

ಸುತ್ತ ನಿಂತವರೆಲ್ಲ ನಕ್ಕರು. ಹತ್ತೊಂಬತ್ತು ವರ್ಷದ ಸೇಡು ಒಂದೇ ಮಾತಿನಲ್ಲಿ ತೀರಿತು. ಅಷ್ಟರಲ್ಲಿ ಒಂದನೆಯ ತರಗತಿಯ ಮಿಸ್ಸು ಬಂದರು. ಅವರೂ ಹೊಸಬರೇ, ಕಾಲೇಜಿನಿಂದ ನೇರ ಬಂದಂತಿದ್ದ ಹುಡುಗಿ. ಮೆಣಸಿನ ಕಡೆ ಕೈ ಚಾಚಿದರು. ಗಂಟೆ ಮಾವ ತನ್ನ ಬೆರಳನ್ನು ಬಿಡಿಸಿಕೊಳ್ಳಲು ಸಿದ್ಧನಾದ, ಎಷ್ಟು ಸಾವಿರ ಬೆರಳು ಬಿಡಿಸಿದ ಕೈ ಅದು. ಬಿಡಿಸುವ ಕೆಲಸವೇ ಬೀಳಲಿಲ್ಲ. ಮೆಣಸು ಅವನ ಬೆರಳು ಬಿಟ್ಟು ಮಿಸ್ಸಿನ ಕೈ ಹಿಡಿದುಕೊಂಡಳು, ಮಿಸ್ಸಿನ ಹಲ್ಲು ನೋಡಲು ಕತ್ತೆತ್ತಿ ಹೊರಟೇಹೋದಳು. ಅವನ ಬೆರಳು ಗಾಳಿಯಲ್ಲಿ ಹಾಗೇ ಉಳಿಯಿತು.

ಒಂಬತ್ತಕ್ಕೆ ಸರಿಯಾಗಿ ಗಂಟೆ ಹೊಡೆದ. ಆಮೇಲೆ ಶುರುವಾಯಿತು ಅವನ ಪೇಚಾಟ. ವರಾಂಡದ ಈ ತುದಿಯಲ್ಲಿ ಗಂಟೆ, ನಡುವೆ ನೀರಿನ ಡ್ರಮ್ಮು, ಆ ತುದಿಯಲ್ಲಿ ತಿರುಗಿದರೆ ಒಂದನೆಯ ತರಗತಿ. ಡ್ರಮ್ಮಿನವರೆಗೆ ಹೋಗಲು ಅವನಿಗೆ ಅನುಮತಿ ಇತ್ತಷ್ಟೇ. ಹೀಗಾಗಿ ಆ ಡ್ರಮ್ಮಿಗೆ ಅವತ್ತು ಸಿಕ್ಕ ಉಪಚಾರ ಯಾವ ಡ್ರಮ್ಮಿಗೂ ಸಿಕ್ಕಿರಲಿಕ್ಕಿಲ್ಲ. ತುಂಬಿದ್ದನ್ನು ಖಾಲಿ ಮಾಡಿ ತೊಳೆದ. ತೊಳೆದದ್ದನ್ನು ಮತ್ತೆ ತುಂಬಿದ. ನಲ್ಲಿ ಒರೆಸಿದ. ಸುತ್ತ ಗುಡಿಸಿದ. ಗುಡಿಸಿದ್ದನ್ನು ಒರೆಸಿದ. ಹತ್ತೂ ಕಾಲಿಗೆ ನಾಲ್ಕನೆಯ ಕ್ಲಾಸಿನ ಒಬ್ಬ ಹುಡುಗಿ ನೀರು ಕುಡಿಯಲು ಬಂದು, "ಮಾವ, ಇದಕ್ಕೆ ಸ್ನಾನ ಮಾಡಿಸ್ತಿದ್ದೀರಾ?" ಎಂದು ಕೇಳಿ ಹೋದಳು.

ಹತ್ತೂವರೆಗೆ ಅಳು ಕೇಳಿಸಿತು.

ಒಂದನೆಯ ತರಗತಿಯ ಕಡೆಯಿಂದಲೇ ಬಂತು. ಮೊದಲು ಸಣ್ಣಗೆ, ಆಮೇಲೆ ಏರುತ್ತ ಏರುತ್ತ ಹೋಗಿ, ತುದಿಯಲ್ಲಿ ಒಂದು ಬಿಕ್ಕು. ಗಂಟೆ ಮಾವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಮಕ್ಕಳ ಅಳುವಿನಲ್ಲಿ ಅವನು ಪಂಡಿತ. ಹಸಿವಿನ ಅಳು, ಭಯದ ಅಳು, ಪಕ್ಕದವನು ಅಳುತ್ತಾನೆಂದು ಅಳುವ ಅಳು, ಯಾರೂ ನೋಡದಿದ್ದರೆ ತಕ್ಷಣ ನಿಲ್ಲುವ ಅಳು, ಎಲ್ಲವನ್ನೂ ಗೇಟಿನಿಂದಲೇ ವಿಂಗಡಿಸಬಲ್ಲವನು. ಆದರೆ ಹೆತ್ತವರ ಲೆಕ್ಕವೇ ಬೇರೆ. ಅದು ಮೆಣಸಿನ ಅಳುವೇ ಎಂದು ಅವನ ಕರುಳು ಹೇಳಿತು, ಕಿವಿ ಹೌದೆಂದಿತು, ಬುದ್ಧಿಯನ್ನು ಯಾರೂ ಕೇಳಲಿಲ್ಲ.

ಹತ್ತೂ ಮುಕ್ಕಾಲು. ಅಳು ನಿಲ್ಲಲಿಲ್ಲ. ಹನ್ನೊಂದಕ್ಕೆ ಪೀರಿಯಡ್ಡಿನ ಎರಡು ಏಟು ಹೊಡೆದ. ಅದರ ಸದ್ದು ಅಡಗಿದ ಮೇಲೂ ಆ ಕಡೆಯಿಂದ ಬಿಕ್ಕು ಬರುತ್ತಲೇ ಇತ್ತು. ಅವನಿಗೆ ಏನೇನೋ ಕಾಣಿಸತೊಡಗಿತು. ಮೂಲೆಯಲ್ಲಿ ಮುದುಡಿ ಕೂತ ಎರಡು ಜಡೆ. ಒದ್ದೆಯಾದ ಕಾಲರು. ಅಪ್ಪ ಇಲ್ಲೇ ಇದ್ದಾನೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಆದರೂ ಬರುತ್ತಿಲ್ಲ ಎಂದು ಅವಳಿಗೆ ಅನ್ನಿಸುತ್ತಿರಬಹುದಲ್ಲ? ನೀರಿನ ಡ್ರಮ್ಮನ್ನು ಒದೆಯಬೇಕು ಎನ್ನಿಸಿತು. ಇಷ್ಟು ವರ್ಷ ಯಾವ ಬಾಯಿಂದ ನಾನು ಹೋಗಿ ಅಮ್ಮಾ ಹೋಗಿ ಎಂದೆ, ಆ ಬಾಯಿಗೆ ಮಣ್ಣು ಹಾಕ ಎಂದು ತನ್ನನ್ನೇ ಬೈದುಕೊಂಡ. ಇನ್ನೊಂದು ಗಂಟೆ ತಡಕೋ ಮಗಾ, ಹನ್ನೆರಡಾಗಲಿ, ದೊಡ್ಡ ಮೇಡಂ ಕಿವಿಗೆ ಬೀಳದಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಹನ್ನೊಂದೂ ಇಪ್ಪತ್ತಕ್ಕೆ ದೊಡ್ಡ ಮೇಡಂ ಕೋಣೆಯಿಂದ ಹೊರಗೆ ಬಂದರು. ಕಂಕುಳಲ್ಲಿ ಹಾಜರಿ ಪುಸ್ತಕ. "ಒಂದನೇ ಕ್ಲಾಸು ಹೇಗಿದೆ ನೋಡ್ಕೊಂಡು ಬರ್ತೀನಿ" ಎಂದು ಹೇಳಿ ವರಾಂಡದಲ್ಲಿ ನಡೆಯತೊಡಗಿದರು.

ಗಂಟೆ ಮಾವ ನೋಡುತ್ತ ನಿಂತ. ಆರನೆಯ ತರಗತಿಯ ಬಾಗಿಲು ದಾಟಿದರು. ಡ್ರಮ್ಮು ದಾಟಿದರು. ಇನ್ನು ಹತ್ತು ಹೆಜ್ಜೆ ಹಾಕಿ ತಿರುಗಿದರೆ ಅಳುವ ಮಗು ಕಣ್ಣಿಗೆ ಬೀಳುತ್ತದೆ, ಸೀಟು ಹೋಗುತ್ತದೆ, ಹೆಂಡತಿಯ ಕೆಲಸ ಹೋಗುತ್ತದೆ, ಮಗಳ ಒಂದು ವರ್ಷ ಹೋಗುತ್ತದೆ. ಅವರು ಆ ಬಾಗಿಲು ಮುಟ್ಟುವ ಮೊದಲು ಶಾಲೆ ಬಿಟ್ಟುಬಿಟ್ಟರೆ? ಆಗ ಯಾರು ಅತ್ತರು ಯಾರು ಬಿಟ್ಟರು ಎಂದು ಯಾರಿಗೂ ಗೊತ್ತಾಗುವುದಿಲ್ಲವಲ್ಲ? ಇಡೀ ಊರಿನಲ್ಲಿ ಹಾಗೆ ಮಾಡಬಲ್ಲ ಮನುಷ್ಯ ಒಬ್ಬನೇ. ಸುತ್ತಿಗೆ ಅವನ ಕೈಯಲ್ಲೇ ಇತ್ತು.

ಹೊಡೆದೇಬಿಟ್ಟ. ಗಡಿಯಾರ ನೋಡದೆ, ಲೆಕ್ಕ ಇಡದೆ, ಮನೆಗೆ ಹೋಗುವ ಉದ್ದನೆಯ ಗಂಟೆಯನ್ನು ನಲವತ್ತು ನಿಮಿಷ ಮೊದಲೇ ಹೊಡೆದ. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರಲ್ಲ, ಹಾಗೆ.

ಮೂರು ಕ್ಷಣ ಶಾಲೆ ಸ್ತಬ್ಧವಾಯಿತು, ನಂಬಲಾಗದೆ. ಆಮೇಲೆ ಮುನ್ನೂರು ಗಂಟಲುಗಳಿಂದ ಎದ್ದ ಹೋ ಎಂಬ ಕೂಗಿಗೆ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಬಾಗಿಲು ಬಾಗಿಲಿನಿಂದ ಮಕ್ಕಳು ಸುರಿದರು. ಚೀಲ ಹೆಗಲಿಗೇರಿಸುತ್ತ, ಬೂಟಿನ ದಾರ ಎಳೆದುಕೊಳ್ಳುತ್ತ ಅಂಗಳ ತುಂಬಿದರು. ಆಗ ಗಂಟೆ ಮಾವನಿಗೆ ಎಚ್ಚರವಾಯಿತು. ಅಯ್ಯೋ, ಹೊರಗೆ ಯಾವ ಅಪ್ಪ ಅಮ್ಮನೂ ಬಂದಿಲ್ಲ, ಒಂದು ವ್ಯಾನೂ ಇಲ್ಲ. ಸುತ್ತಿಗೆ ಎಸೆದು ಓಡಿದ, ಹತ್ತೊಂಬತ್ತು ವರ್ಷದಲ್ಲಿ ಓಡದಷ್ಟು ಓಡಿದ. ಮೊದಲ ಮಗು ಗೇಟು ಮುಟ್ಟುವುದಕ್ಕೂ ಅವನು ಚಿಲಕ ಹಾಕಿ ಬೆನ್ನು ಕೊಟ್ಟು ನಿಲ್ಲುವುದಕ್ಕೂ ಸರಿಹೋಯಿತು.

ಎದುರಿನ ಅಂಗಡಿಯ ಅಜ್ಜ ಸ್ಟೂಲಿನ ಮೇಲೆ ನಿಂತು ತನ್ನ ಗೋಡೆ ಗಡಿಯಾರದ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸುತ್ತಿದ್ದ. "ನಲವತ್ತು ನಿಮಿಷ ಹಿಂದೆ ಬಿದ್ದಿದೆ ಕಣಯ್ಯಾ ಹಾಳಾದ್ದು! ನಿನ್ನೆ ತಾನೇ ಸೆಲ್ಲು ಹಾಕಿದ್ದೆ" ಎಂದು ಅಲ್ಲಿಂದಲೇ ಕೂಗಿ ಹೇಳಿದ. ಗಂಟೆ ಮಾವ ಬೇರೆ ಕಡೆ ನೋಡಿದ.

ಅಂಗಳದ ನಡುವೆ ದೊಡ್ಡ ಮೇಡಂ ಬಂದು ನಿಂತರು. ಗದ್ದಲ ತಾನಾಗಿ ಇಳಿಯಿತು. ಒಮ್ಮೆ ಕೈಗಡಿಯಾರ ನೋಡಿದರು, ಒಮ್ಮೆ ಗೇಟಿಗೆ ಒರಗಿ ನಿಂತವನನ್ನು ನೋಡಿದರು.

"ಏನಪ್ಪಾ ಇದು?"

ಸುಳ್ಳು ಹೇಳಬಹುದಿತ್ತು. ಕೈಗಡಿಯಾರ ಕೆಟ್ಟಿದೆ ಎನ್ನಬಹುದಿತ್ತು. ಆದರೆ ಗಂಟೆಯ ವಿಷಯದಲ್ಲಿ ಸುಳ್ಳು ಹೇಳಲು ಅವನ ನಾಲಿಗೆ ಹೊರಳಲಿಲ್ಲ. "ಅವಳು ಅಳ್ತಿದ್ಲು ಮೇಡಂ. ಹತ್ತೂವರೆಯಿಂದ. ನೀವು ನೋಡಿಬಿಟ್ರೆ ಸೀಟು ಹೋಗುತ್ತೆ ಅಂತ..." ಕಣ್ಣೀರು ಬಂತು. ಮುನ್ನೂರು ಮಕ್ಕಳ ಮುಂದೆ ಗಂಟೆ ಮಾವ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಮಕ್ಕಳು ಬಾಯಿ ಬಿಟ್ಟು ನೋಡಿದರು.

ಆಗ ಒಂದನೆಯ ತರಗತಿಯ ಸಾಲು ಬಂತು, ಎಲ್ಲರಿಗಿಂತ ಕೊನೆಗೆ, ಒಬ್ಬರ ಅಂಗಿಯನ್ನು ಇನ್ನೊಬ್ಬರು ಹಿಡಿದುಕೊಂಡು. ಸಾಲಿನ ಮುಂದೆ ಮಿಸ್ಸು. ಮಿಸ್ಸಿನ ಸೊಂಟದ ಮೇಲೆ ಬೇಕರಿಯವನ ಮಗ, ಮುಖವೆಲ್ಲ ಕೆಂಪು, ಇನ್ನೂ ಬಿಕ್ಕುತ್ತಿದ್ದಾನೆ. ಅದೇ ರಾಗ, ತುದಿಯಲ್ಲಿ ಅದೇ ಬಿಕ್ಕು. ಅವನ ಹಿಂದಿನಿಂದ ಸಾಲು ಮುರಿದುಕೊಂಡು ಒಂದು ಆಕಾರ ಬಿರುಗಾಳಿಯಂತೆ ಬಂತು. ಎರಡು ಜಡೆಯಲ್ಲಿ ಒಂದು ಬಿಚ್ಚಿತ್ತು. ಕೈ, ಮೂಗು, ಅಂಗಿ ಎಲ್ಲ ಸೀಮೆಸುಣ್ಣ. ಬಲಗೈಯಲ್ಲಿ ಇನ್ನೂ ಒಂದು ತುಂಡು ಇತ್ತು. ಕಣ್ಣಲ್ಲಿ ನೀರಿನ ಪಸೆಯೂ ಇರಲಿಲ್ಲ, ಬೆಂಕಿ ಮಾತ್ರ ಬೇಕಾದಷ್ಟಿತ್ತು.

"ಅಪ್ಪಾ! ಯಾಕೆ ಹೊಡೆದೆ? ಬೋರ್ಡಿನ ಮೇಲೆ ಬರೆಯೋಕೆ ನನ್ನ ಸರದಿ ಈಗ ಬಂದಿತ್ತು! ಆನೆಗೆ ಎರಡೇ ಕಾಲು ಹಾಕಿದ್ದೀನಿ, ಇನ್ನೂ ಎರಡು ಬಾಕಿ ಇದೆ! ಎರಡು ಕಾಲಲ್ಲಿ ಆನೆ ಹೇಗೆ ನಿಲ್ಲುತ್ತೆ, ಹೇಳು!"

ಗಂಟೆ ಮಾವ ಆ ಸೀಮೆಸುಣ್ಣದ ತುಂಡನ್ನೂ ಅವಳ ಮುಖವನ್ನೂ ನೋಡಿದ. ಇಂಗು ತಿಂದ ಮಂಗನಂತೆ ನಿಂತ.

"ಇವಳು ಅತ್ತಳಾ?" ಎಂದು ದೊಡ್ಡ ಮೇಡಂ ಮಿಸ್ಸನ್ನು ಕೇಳಿದರು.

"ಇವಳಾ?" ಮಿಸ್ಸು ಸುಸ್ತಾದವರಂತೆ ನಕ್ಕರು. "ಬೆಳಗಿಂದ ಇವಳು ಎರಡು ಸಲ ಬೆಂಚು ಬದಲಾಯಿಸಿದ್ದಾಳೆ, ಮೂರು ಜನರ ರಬ್ಬರು ನೋಡಿದ್ದಾಳೆ, ನನ್ನ ಹಲ್ಲು ಎಣಿಸಿದ್ದಾಳೆ ಮೇಡಂ. ಅಳೋಕೆ ಅವಳಿಗೆ ಪುರುಸೊತ್ತು ಎಲ್ಲಿದೆ?"

ದೊಡ್ಡ ಮೇಡಂ ಕನ್ನಡಕ ತೆಗೆದರು. ಅವರು ಬೈಯುವ ಮುಂಚೆ ಹಾಗೆ ಮಾಡುವುದು ಎಲ್ಲರಿಗೂ ಗೊತ್ತಿತ್ತು. ಸೆರಗಿನಿಂದ ಗಾಜು ಒರೆಸಿದರು. ಒರೆಸುತ್ತ ಒರೆಸುತ್ತ ಅವರ ಹೆಗಲು ಕುಲುಕತೊಡಗಿತು. ದೊಡ್ಡ ಮೇಡಂ ನಗುವುದನ್ನು ಆ ಶಾಲೆ ಅವತ್ತೇ ಮೊದಲು ನೋಡಿದ್ದು.

"ಅಳೋ ಮಗೂನ ಮುಂದಿನ ವರ್ಷ ಬಾ ಅಂತ ಕಳಿಸಬಹುದು" ಎಂದರು. "ಅಳೋ ಅಪ್ಪನ್ನ ಎಲ್ಲಿಗೆ ಕಳಿಸಲಿ? ಹುಡುಗಿ ಸೀಟು ಗಟ್ಟಿ. ನಿನ್ನದು ನೋಡೋಣ. ಹೋಗು, ಎಲ್ಲರನ್ನೂ ಒಳಗೆ ಕಳಿಸೋ ಗಂಟೆ ಹೊಡಿ."

ಅಂಥ ಗಂಟೆ ಯಾವುದೂ ಇರಲಿಲ್ಲ. ಮನೆಗೆ ಬಿಟ್ಟ ಮಕ್ಕಳನ್ನು ವಾಪಸು ಕರೆಯುವ ಗಂಟೆಯನ್ನು ಯಾವ ಶಾಲೆಯಲ್ಲೂ ಯಾರೂ ಕಂಡುಹಿಡಿದಿಲ್ಲ. ಗಂಟೆ ಮಾವ ಸುತ್ತಿಗೆ ಹುಡುಕಿ ತಂದು ಸ್ವಲ್ಪ ಯೋಚಿಸಿದ. ಎಷ್ಟು ಏಟು ಎಂದು ತಿಳಿಯದೆ ಹೆದರಿ ಹೆದರಿ ನಾಲ್ಕು ಹೊಡೆದ. ಮುನ್ನೂರು ಮಕ್ಕಳು ಅಯ್ಯೋ ಎಂದು ನಿಟ್ಟುಸಿರು ಬಿಟ್ಟು ಚೀಲ ಎಳೆದುಕೊಂಡು ಒಳಗೆ ಹೋದರು, ದೊಡ್ಡ ಹುಡುಗರು ಅವನನ್ನು ದುರುಗುಟ್ಟಿ ನೋಡಿಕೊಂಡೇ ಹೋದರು. ಒಬ್ಬಳು ಮಾತ್ರ ಸೀಮೆಸುಣ್ಣ ಎತ್ತಿ ಹಿಡಿದು ಓಡಿದಳು, ಆನೆ ಅಷ್ಟರಲ್ಲಿ ಬಿದ್ದುಹೋಗುತ್ತದೋ ಎಂಬಂತೆ. ತಿರುಗಿ ಒಂದು ಸಲವೂ ಅಪ್ಪನನ್ನು ನೋಡಲಿಲ್ಲ. ಅವನು ಡ್ರಮ್ಮಿನ ಪಕ್ಕ ನಿಂತು ಅವಳ ಬಿಚ್ಚಿದ ಜಡೆ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದ. ಎದೆಯ ಮೇಲಿಂದ ಗಾಡಿಯಷ್ಟು ಭಾರ ಇಳಿದಿತ್ತು, ಆದರೂ ಎಲ್ಲೋ ಒಂದು ಕಡೆ ಚುರ್ ಎನ್ನುತ್ತಲೇ ಇತ್ತು. ಅತ್ತಿದ್ದರೆ ಸೀಟು ಹೋಗುತ್ತಿತ್ತು. ಒಂದಿಷ್ಟು, ಒಂದೇ ಒಂದು ಹನಿ, ಯಾರಿಗೂ ಕಾಣದಂತೆ ಅತ್ತಿದ್ದರೆ ಏನಾಗುತ್ತಿತ್ತು ಎಂದೂ ಅನ್ನಿಸಿತು. ಆಮೇಲೆ ತನ್ನ ಆಸೆಗೆ ತಾನೇ ನಾಚಿ ನಕ್ಕುಬಿಟ್ಟ.

ಸೆಕೆಂಡಿನ ಮುಳ್ಳು ನೋಡಿ, ಹನ್ನೆರಡಕ್ಕೆ ಸರಿಯಾಗಿ ನಿಜವಾದ ಗಂಟೆ ಹೊಡೆದ. ಎದುರಿನ ಅಜ್ಜ ಮತ್ತೆ ಸ್ಟೂಲು ಹತ್ತಿದ.

ಗೇಟಿನ ಹೊರಗೆ ತಾಯಂದಿರೂ ತಂದೆಯರೂ ತುಂಬಿದ್ದರು. ಪುಟ್ಟ ಮಕ್ಕಳಿಗೆ ಹೊಸ ಮಿಸ್ಸು ಒಂದು ನಿಯಮ ಕಲಿಸಿದ್ದರು. ಗೇಟಿನ ಹೊರಗೆ ಮನೆಯವರು ಬಂದು ನಿಂತು ಕರೆಯಬೇಕು, ಕರೆದ ಮೇಲೆಯೇ ಮಕ್ಕಳು ವರಾಂಡದ ಮೆಟ್ಟಿಲಿನಿಂದ ಏಳಬೇಕು. ಒಬ್ಬೊಬ್ಬರಾಗಿ ಕರೆದರು, ಒಬ್ಬೊಬ್ಬರಾಗಿ ಎದ್ದು ಹೋದರು. ಬೇಕರಿಯವನ ಮಗ ತಾಯಿಯನ್ನು ಕಂಡು ಮತ್ತೊಂದು ಸುತ್ತು ಅತ್ತ. ಕೊನೆಗೆ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಮೆಣಸು ಒಬ್ಬಳೇ.

"ಬಾ ಮಗಾ, ಹೋಗೋಣ" ಎಂದ ಗಂಟೆ ಮಾವ, ಗೇಟಿನ ಒಳಗೆ ನಿಂತು.

"ಹೊರಗಡೆ ನಿಂತು ಕರೀಬೇಕು. ಮಿಸ್ಸು ಹೇಳಿದ್ದಾರೆ."

ಅವನು ಸಹಾಯಕ್ಕಾಗಿ ಮಿಸ್ಸಿನ ಕಡೆ ನೋಡಿದ. ಮಿಸ್ಸು ಕೈಕಟ್ಟಿಕೊಂಡು, "ಎಲ್ಲರಿಗೂ ಒಂದೇ ನಿಯಮ, ಮಾವ" ಎಂದರು.

ಹೀಗಾಗಿ ಗಂಟೆ ಮಾವ ಚಿಲಕ ತೆಗೆದು ಹೊರಗೆ ಹೋದ, ಗೇಟು ಮುಂದೆ ಮಾಡಿ, ರಸ್ತೆಯ ಕಡೆ ನಿಂತ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ನಿಂತು ಒಳಗೆ ನೋಡಿದ್ದೇ ಇಲ್ಲ. ಅಲ್ಲಿಂದ ಗೇಟು ಎಷ್ಟು ಎತ್ತರವಾಗಿ ಕಾಣುತ್ತಿತ್ತು! ಒಂದನೆಯ ತರಗತಿಯ ಬಾಗಿಲು ಕಾಣುತ್ತಲೇ ಇರಲಿಲ್ಲ. ಸರಳುಗಳ ನಡುವೆ ಒಂದು ಮೊಳ ವರಾಂಡ, ಅರ್ಧ ಡ್ರಮ್ಮು, ಅಷ್ಟೇ. ಆ ಒಂದು ಮೊಳ ನೋಡಿಕೊಂಡು ನಿಲ್ಲಲೂ ಬಿಡದೆ ಎಷ್ಟು ಜನರನ್ನು ಓಡಿಸಿದೆನಲ್ಲ ಎನ್ನಿಸಿತು ಅವನಿಗೆ. ಮಗನನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದ ಬೇಕರಿಯವನ ಹೆಂಡತಿ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.

"ಬಾರೇ ಮೆಣಸು" ಎಂದು ಕರೆದ.

ಅವಳು ಎದ್ದು, ಅಂಗಿ ಕೊಡವಿಕೊಂಡು, ಚೀಲ ಹೆಗಲಿಗೇರಿಸಿ, ಕಚೇರಿ ಮುಗಿಸಿ ಬರುವವರಂತೆ ನಿಧಾನವಾಗಿ ಅಂಗಳ ದಾಟಿ ಬಂದಳು. ಹೊರಗೆ ಬಂದ ಮೇಲೆ ಸುಣ್ಣದ ಕೈಯಿಂದ ಅವನ ತೋರುಬೆರಳು ಹಿಡಿದಳು. ಇಬ್ಬರೂ ರಸ್ತೆಯ ತಿರುವಿನವರೆಗೆ ನಡೆದರು. ಅಲ್ಲಿಗೆ ಬಂದ ಮೇಲೆ ಅವಳ ಸಿಟ್ಟು ಇಳಿದಂತಿತ್ತು.

"ಅಪ್ಪಾ, ನಾಳೆ ಗಂಟೆ ಸ್ವಲ್ಪ ತಡವಾಗಿ ಹೊಡೀತೀಯಾ?"

"ಎಷ್ಟು ತಡ ಮಗಾ?"

ಮೆಣಸು ಯೋಚಿಸಿದಳು. ಬರೆಯಬೇಕಾದ ಪ್ರಾಣಿಗಳು ಬಹಳ ಇದ್ದವು. "ಕತ್ತಲಾಗೋವರೆಗೂ" ಎಂದಳು.

ಗಂಟೆ ಮಾವ ನಡುರಸ್ತೆಯಲ್ಲೇ ನಿಂತುಬಿಟ್ಟ. ಬಗ್ಗಿ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು, ಈ ಸಲ ಒರೆಸಿಕೊಳ್ಳಲು ಹೋಗಲಿಲ್ಲ.

"ಅಷ್ಟು ಹೊತ್ತು ನನ್ನ ಕೈಲಿ ಆಗಲ್ಲ ಮಗಾ" ಎಂದ.